ಎಲ್‌ಎಲ್‌ಎಂ ಮಾಡಲಾ, ಕೋರ್ಟಲ್ಲೇ ಇರಲಾ?

ಪ್ರಶ್ನೆ: ನನಗೆ 29 ವರ್ಷ. ಮಂಗಳೂರಿನಲ್ಲಿ ನಾಲ್ಕು ವರ್ಷದಿಂದ ಸೀನಿಯರ್ ಒಬ್ಬರ ಆಫೀಸಿನಲ್ಲಿ ವಕೀಲಿ ಮಾಡುತ್ತಿದ್ದೇನೆ. ಜಾಸ್ತಿ ಬರುವುದು ಜಾಗದ ಕೇಸು, ಪಾಲಿನ ದಾವೆ, ಬ್ಯಾಂಕಿನ ವಸೂಲಿ. ಸೀನಿಯರ್ ಒಳ್ಳೆಯವರು, ಕೆಲಸ ಕಲಿಸುತ್ತಾರೆ. ಆದರೆ ಕೈಗೆ ಸಿಗುವ ದುಡ್ಡು ಮನೆ ಖರ್ಚಿಗೇ ಸರಿಹೋಗುತ್ತದೆ. ಜೊತೆಗೆ ಓದಿದ ಇಬ್ಬರು ಎಲ್‌ಎಲ್‌ಎಂ (ಕಾನೂನಿನ ಸ್ನಾತಕೋತ್ತರ ಪದವಿ) ಮುಗಿಸಿ ಬೆಂಗಳೂರಿನಲ್ಲಿ ಕಂಪನಿ ಕೆಲಸದಲ್ಲಿದ್ದಾರೆ. ಅಮ್ಮ "ನೀನೂ ಓದು, ಒಂದು ಡಿಗ್ರಿ ಜಾಸ್ತಿ ಇದ್ದರೆ ಏನು ನಷ್ಟ" ಅನ್ನುತ್ತಾರೆ. ಸೀನಿಯರ್ "ಎರಡು ವರ್ಷ ಕೋರ್ಟು ಬಿಟ್ಟರೆ ಕಕ್ಷಿದಾರರು ಮುಖ ಮರೀತಾರೆ" ಅನ್ನುತ್ತಾರೆ. ಯಾರ ಮಾತು ಕೇಳಲಿ?
ಒಬ್ಬ ಜೂನಿಯರ್ ವಕೀಲ, ಮಂಗಳೂರು

ಉತ್ತರ: ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಅಮ್ಮ ಹೇಳಿದ್ದಿದೆ, ಸೀನಿಯರ್ ಹೇಳಿದ್ದಿದೆ, ಗೆಳೆಯರ ವಿಷಯವೂ ಇದೆ. ನಿಮಗೆ ಏನು ಬೇಕು ಅನ್ನುವುದು ಮಾತ್ರ ಎಲ್ಲೂ ಇಲ್ಲ. ಎಲ್‌ಎಲ್‌ಎಂ ಮುಗಿದ ಮರುವಾರ, ಸೋಮವಾರ ಬೆಳಿಗ್ಗೆ, ನೀವು ಬ್ಯಾಗ್ ಹಿಡಿದು ಎಲ್ಲಿಗೆ ಹೊರಡಬೇಕು ಅಂತಿದ್ದೀರಿ? ಕ್ಲಾಸಿಗಾ, ಕೋರ್ಟಿಗಾ, ಕಂಪನಿ ಆಫೀಸಿಗಾ? ಮೊದಲು ಅದನ್ನು ತೀರ್ಮಾನ ಮಾಡಿಕೊಳ್ಳಿ.

ಪಾಠ ಮಾಡುವ ಆಸೆ ಇದ್ದರೆ ಯೋಚನೆಯೇ ಬೇಡ, ಇವತ್ತೇ ಅರ್ಜಿ ಹಾಕಿ. ಲಾ ಕಾಲೇಜಿನಲ್ಲಿ ಸಹಾಯಕ ಪ್ರಾಧ್ಯಾಪಕ ಆಗಲು ಎಲ್‌ಎಲ್‌ಎಂ ಬೇಕೇ ಬೇಕು. ಅದರಲ್ಲಿ ಶೇ. 55 ಅಂಕ, ಅದರ ಮೇಲೆ ಅಧ್ಯಾಪಕರ ಅರ್ಹತಾ ಪರೀಕ್ಷೆ: ರಾಷ್ಟ್ರಮಟ್ಟದ ನೆಟ್ ಅಥವಾ ರಾಜ್ಯದ ಕೆಸೆಟ್. ನೆಟ್‌ನಲ್ಲಿ ಎರಡು ಪೇಪರ್ ಸೇರಿ 150 ಪ್ರಶ್ನೆ, 300 ಅಂಕ, ಮೂರು ಗಂಟೆ. ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲ. ಎಲ್‌ಎಲ್‌ಎಂನ ಕೊನೆಯ ವರ್ಷದಲ್ಲಿದ್ದಾಗಲೇ ಅದನ್ನು ಬರೆಯಬಹುದು. ಓದಿದ್ದು ತಲೆಯಲ್ಲಿ ಬಿಸಿ ಇರುವಾಗಲೇ ಬರೆಯುವುದು ಒಳ್ಳೆಯದು.

ಕಂಪನಿಗೆ ಹೋಗಬೇಕು ಅಂತಿದ್ದರೆ, ನಿಮ್ಮ ಗೆಳೆಯರಿಗೆ ಒಂದು ಫೋನ್ ಮಾಡಿ. "ಕೆಲಸ ಸಿಕ್ಕಿದ್ದು ಡಿಗ್ರಿಯಿಂದಲಾ, ಓದುವಾಗ ಇಂಟರ್ನ್‌ಶಿಪ್ ಮಾಡಿದ ಜಾಗದಿಂದಲಾ?" ಅಂತ ನೇರವಾಗಿ ಕೇಳಿ. ನಾನು ಕಂಡ ಮಟ್ಟಿಗೆ ಜಾಸ್ತಿ ಜನರದ್ದು ಎರಡನೆಯದೇ. ಕಾಂಟ್ರಾಕ್ಟ್ ಕರಡು ಮಾಡಲು ಬರುತ್ತಾ ಅನ್ನುವುದನ್ನು ಅವರು ಮೊದಲು ನೋಡುತ್ತಾರೆ. ನೀವು ನಾಲ್ಕು ವರ್ಷ ಬ್ಯಾಂಕಿನ ವಸೂಲಿ ಕೇಸು ನಡೆಸಿದವರು, ಸಾಲದ ಕಾಗದ ಎಲ್ಲಿ ಸೋಲುತ್ತದೆ ಅಂತ ಗೊತ್ತಿದ್ದವರು. ಅದಕ್ಕೂ ಬೆಲೆ ಇದೆ, ಸುಮ್ನೆ ಕಡೆಗಣಿಸಬೇಡಿ.

ಇನ್ನು ಕೋರ್ಟಿನಲ್ಲೇ ಮುಂದುವರಿಯುವುದಾದರೆ? ಇಲ್ಲಿ ಸ್ವಲ್ಪ ಉದ್ದ ಹೇಳಬೇಕು, ಯಾಕೆಂದರೆ ನಾನು ನಿಂತಿದ್ದೂ ಇದೇ ಜಾಗದಲ್ಲಿ.

ವಕಾಲತ್ತಿಗೆ ಸಹಿ ಹಾಕುವಾಗ ಯಾವ ಕಕ್ಷಿದಾರರೂ ಡಿಗ್ರಿ ಕೇಳುವುದಿಲ್ಲ. "ನನ್ನ ಜಾಗ ಉಳಿಯುತ್ತಾ" ಅಂತ ಕೇಳುತ್ತಾರೆ. ನಾನು ಪ್ರಾಕ್ಟೀಸ್ ಶುರುಮಾಡಿ ಆರನೇ ವರ್ಷ. ಉಡುಪಿ ಕಡೆಯ ಒಬ್ಬರು ಅಜ್ಜಿ ಆಫೀಸಿಗೆ ಬಂದರು. ಅಳಿಯಸಂತಾನದ ಕುಟುಂಬ, ಅಂದರೆ ಆಸ್ತಿ ಹೆಣ್ಣಿನ ಕಡೆಯಿಂದ ಇಳಿಯುವ ಪದ್ಧತಿಯದ್ದು. ಮಳೆಗಾಲ. ಪ್ಲಾಸ್ಟಿಕ್ ಚೀಲದೊಳಗೆ ಇನ್ನೊಂದು ಚೀಲ, ಅದರೊಳಗೆ ಬಿಳಿ ಪಂಚೆಯ ತುಂಡು, ಅದರಲ್ಲಿ ಸುತ್ತಿದ ಹಳೆಯ ಪಾಲುಪಟ್ಟಿ. ನುಸಿಗುಳಿಗೆಯ ವಾಸನೆ. ಕಾಗದ ಮಡಚಿದ ಗೆರೆಯಲ್ಲೇ ನಾಲ್ಕು ತುಂಡಾಗಿತ್ತು, ಹಿಂದಿನಿಂದ ಯಾರೋ ಗೋಂದು ಹಚ್ಚಿ ತೆಳು ಕಾಗದ ಅಂಟಿಸಿದ್ದರು, ಅಂಟಿನ ಕೆಳಗೆ ಎರಡು ಸಾಲು ಓದಲಿಕ್ಕೇ ಆಗುತ್ತಿರಲಿಲ್ಲ. ಅಜ್ಜಿ ಕೇಳಿದ್ದು ಇಷ್ಟೇ: "ನನಗೆ ಹೆಣ್ಣುಮಕ್ಕಳಿಲ್ಲ. ನಾನು ಹೋದ ಮೇಲೆ ನನ್ನ ಪಾಲು ನನ್ನ ಮಗನಿಗಾ, ವಾಪಸ್ ಕುಟುಂಬಕ್ಕಾ?"

ನನಗೆ ಉತ್ತರ ಗೊತ್ತಿರಲಿಲ್ಲ. 1949ರ ಮದ್ರಾಸ್ ಅಳಿಯಸಂತಾನ ಕಾಯ್ದೆ ಇದೆ ಅಂತ ಗೊತ್ತಿತ್ತು, ಅಷ್ಟೇ. ಆ ಕಾಯ್ದೆಯಲ್ಲಿ ಕವರು ಅಂದರೆ ಒಬ್ಬ ಹೆಣ್ಣು, ಅವಳ ಮಕ್ಕಳು, ಹೆಣ್ಣಿನ ಕಡೆಯ ವಂಶದವರು ಸೇರಿದ ಕುಟುಂಬದ ಶಾಖೆ. ಆ ಕವರಿನೊಳಗೆ ಐವತ್ತು ತುಂಬದ ಹೆಣ್ಣು ಒಬ್ಬಳಾದರೂ ಇದ್ದರೆ ಅದು ಸಂತತಿ ಕವರು, ಇಲ್ಲದಿದ್ದರೆ ನಿಸ್ಸಂತತಿ ಕವರು. ನಿಸ್ಸಂತತಿ ಕವರಿಗೆ ಎಷ್ಟೋ ಸಂದರ್ಭಗಳಲ್ಲಿ ಪಾಲಿನ ಮೇಲೆ ಸಿಗುತ್ತಿದ್ದುದು ಬದುಕಿರುವವರೆಗಿನ ಹಕ್ಕು ಮಾತ್ರ. ಆಮೇಲೆ 1956ರ ಹಿಂದೂ ಉತ್ತರಾಧಿಕಾರ ಕಾಯ್ದೆ ಬಂತು, ಅದರ 7ನೇ ಸೆಕ್ಷನ್ ಈ ಲೆಕ್ಕವನ್ನೇ ಬದಲಾಯಿಸಿತು. ಇಷ್ಟನ್ನು ತಿಳಿದುಕೊಳ್ಳಲು ನನಗೆ ವಾರಗಟ್ಟಲೆ ಹಿಡಿಯಿತು. ಆ ಅಜ್ಜಿ ನನ್ನ ಎದುರು ಕೂತಿದ್ದಾಗ "ನೋಡಿ ಹೇಳುತ್ತೇನೆ" ಅಂದಿದ್ದು ಇವತ್ತಿಗೂ ನನ್ನನ್ನು ಚುಚ್ಚುತ್ತದೆ.

ನಾನು ಎಲ್‌ಎಲ್‌ಎಂಗೆ ಸೇರಿದ್ದು ಅದಾದ ಮೇಲೆ. ಪ್ರಬಂಧಕ್ಕೂ ಇದೇ ವಿಷಯ ತೆಗೆದುಕೊಂಡೆ. ಗೈಡ್ ಬೇರೆ ಏನೋ ದೊಡ್ಡ ವಿಷಯ ಹೇಳಿದ್ದರು, ನಾನು ಹಟ ಬಿಡಲಿಲ್ಲ. ಮುಗಿಸಿ ಬಂದ ಮೇಲೆ ಅಳಿಯಸಂತಾನದ ಹಳೆಯ ಫೈಲು ಅಂದರೆ ಬೇರೆ ಆಫೀಸಿನವರೂ ನನ್ನ ಹತ್ತಿರ ಕಳಿಸತೊಡಗಿದರು. ಡಿಗ್ರಿ ನೋಡಿ ಕಳಿಸಿದ್ದಲ್ಲ. ಆ ಒಂದು ವಿಷಯವನ್ನು ಕೂತು ಓದಿದವರು ಕೈಗೆ ಸಿಗುತ್ತಾರೆ ಅಂತ ಕಳಿಸಿದ್ದು.

ಹಾಗಾಗಿ ನಿಮ್ಮ ಆಫೀಸಿನ ಕಪಾಟು ತೆಗೆದು ನೋಡಿ. ಯಾವ ಕಟ್ಟು ನಿಮ್ಮ ನಿದ್ದೆ ಕೆಡಿಸಿದೆ? ಮೂಲಗೇಣಿಯದ್ದಾ (ಶಾಶ್ವತ ಗೇಣಿ), ಕುಮ್ಕಿ ಜಾಗದ್ದಾ (ಕೃಷಿ ಜಮೀನಿಗೆ ತಾಗಿದ ಸರ್ಕಾರಿ ಜಾಗ), ಕಡಲತೀರದ ಸಿಆರ್‌ಝಡ್ ನಿಯಮದ್ದಾ, ಪಣಂಬೂರು ಬಂದರಿನ ಸರಕಿನ ತಕರಾರಾ? ಅಂಥದ್ದೊಂದು ಸಿಕ್ಕರೆ ಎಲ್‌ಎಲ್‌ಎಂ ಮಾಡಿ, ಅದನ್ನೇ ಪ್ರಬಂಧಕ್ಕೆ ತೆಗೆದುಕೊಳ್ಳಿ. ಸಿಗದಿದ್ದರೆ ಇನ್ನೊಂದು ವರ್ಷ ಕಾಯಿರಿ. ರಾಷ್ಟ್ರೀಯ ಕಾನೂನು ವಿಶ್ವವಿದ್ಯಾಲಯಗಳ ಪ್ರವೇಶ ಪರೀಕ್ಷೆ ಕ್ಲ್ಯಾಟ್‌ಗೆ ವಯಸ್ಸಿನ ಮಿತಿ ಇಲ್ಲ, ಎಲ್ಲಿಗೂ ಓಡಿಹೋಗುವುದಿಲ್ಲ.

ಈಗ ಎಲ್ಲಿ, ಎಷ್ಟು ವರ್ಷ ಅನ್ನುವ ವಿಚಾರ. ಬೆಂಗಳೂರಿನ ನಾಗರಭಾವಿಯಲ್ಲಿರುವ ರಾಷ್ಟ್ರೀಯ ಕಾನೂನು ಶಾಲೆಯಲ್ಲಿ ಇದು ಒಂದೇ ವರ್ಷದ ಕೋರ್ಸು. ಪ್ರವೇಶಕ್ಕೆ ಕ್ಲ್ಯಾಟ್ ಪಿಜಿ ಬರೆಯಬೇಕು. 120 ಪ್ರಶ್ನೆ, ಎರಡು ಗಂಟೆ, ಒಂದು ತಪ್ಪಿಗೆ ಕಾಲು ಅಂಕ ಕಡಿತ. ಪರೀಕ್ಷೆ ಈಚೆಗೆ ಡಿಸೆಂಬರಿನಲ್ಲಿ ನಡೆಯುತ್ತಿದೆ, ಅಂದರೆ ಮಳೆ ಬಿಡುವ ಹೊತ್ತಿಗೆ ನಿಮ್ಮ ಓದು ಅರ್ಧ ಆಗಿರಬೇಕು. ಅದೇ ಅಂಕ ನೋಡಿ ಕೆಲವು ಸರ್ಕಾರಿ ಕಂಪನಿಗಳು ಕಾನೂನು ಅಧಿಕಾರಿಗಳನ್ನು ತೆಗೆದುಕೊಂಡದ್ದೂ ಇದೆ, ಆ ಜಾಹೀರಾತುಗಳ ಮೇಲೆ ಕಣ್ಣಿಡಿ. ಊರಲ್ಲೇ ಇದ್ದು ಓದುವುದಾದರೆ ಹುಬ್ಬಳ್ಳಿಯ ಕರ್ನಾಟಕ ರಾಜ್ಯ ಕಾನೂನು ವಿಶ್ವವಿದ್ಯಾಲಯದ ಎರಡು ವರ್ಷದ ಕೋರ್ಸು. ನಮ್ಮ ಕೊಡಿಯಾಲಬೈಲಿನ ಎಸ್‌ಡಿಎಂ, ಉಡುಪಿ ಕುಂಜಿಬೆಟ್ಟಿನ ವೈಕುಂಠ ಬಾಳಿಗಾ ಎರಡೂ ಆ ವಿಶ್ವವಿದ್ಯಾಲಯದ ಕೆಳಗೇ ಬರುವ ಕಾಲೇಜುಗಳು. ಆಫೀಸಿಗೆ ನೀವೇ ಹೋಗಿ, ಈ ವರ್ಷ ಎಲ್‌ಎಲ್‌ಎಂಗೆ ಎಲ್ಲಿ ಯಾವ ವಿಷಯಕ್ಕೆ ಸೀಟಿದೆ, ಕ್ಲಾಸು ಎಷ್ಟು ಹೊತ್ತಿಗೆ ಅಂತ ವಿಚಾರಿಸಿ. ಪ್ರಾಕ್ಟೀಸ್ ಬಿಡದೆ ಓದುವ ಯೋಚನೆ ಇದ್ದರೆ ಸೇರುವ ಮುಂಚೆ ಹಾಗೆ ಮಾಡಬಹುದಾ ಅಂತ ರಾಜ್ಯ ವಕೀಲರ ಪರಿಷತ್ತಿಗೆ ಪತ್ರ ಬರೆದು ಉತ್ತರವನ್ನು ಬರಹದಲ್ಲಿ ತರಿಸಿಕೊಳ್ಳಿ. ಬಾರ್ ರೂಮಿನಲ್ಲಿ ಯಾರೋ "ಏನೂ ಆಗಲ್ಲ" ಅಂದರು ಅಂತ ನಂಬಬೇಡಿ ಮಾರಾಯ್ರೇ.

ಸೀನಿಯರ್ ಹತ್ತಿರವೂ ಮಾತಾಡಿ. ಬಿಟ್ಟು ಹೋಗುತ್ತೇನೆ ಅಂತ ಅಲ್ಲ. "ಈ ವಿಷಯ ಓದಿಕೊಂಡು ವಾಪಸ್ ಬರುತ್ತೇನೆ, ರಜೆಯಲ್ಲಿ ಆಫೀಸಿಗೆ ಬಂದು ಕರಡು ಮಾಡಿಕೊಡುತ್ತೇನೆ" ಅಂತ. ಕಕ್ಷಿದಾರರು ಮರೆಯುತ್ತಾರೆ ಅನ್ನುವ ಅವರ ಹೆದರಿಕೆ ಸುಳ್ಳಲ್ಲ. ನಾನು ವಾಪಸ್ ಬಂದಾಗ ಮೊದಲ ಎಂಟು ತಿಂಗಳು ಕಷ್ಟವೇ ಆಯಿತು.

ಪ್ರಶ್ನೆ: ಉಡುಪಿಯ ಒಂದು ಬ್ಯಾಂಕಿನಲ್ಲಿ ಲಾ ಆಫೀಸರ್ ಆಗಿದ್ದೇನೆ. 34 ವರ್ಷ, ಮಗಳು ಚಿಕ್ಕವಳು. ಕೆಲಸ ಬಿಡಲು ಆಗುವುದಿಲ್ಲ. ಶನಿವಾರ, ಭಾನುವಾರ ಆನ್‌ಲೈನ್‌ನಲ್ಲಿ ಎಲ್‌ಎಲ್‌ಎಂ ಅಂತ ಜಾಹೀರಾತು ಬರುತ್ತಾ ಇದೆ. ಮುಂದೆ ಲೆಕ್ಚರರ್ ಆಗುವ ಆಸೆಯೂ ಇದೆ. ಸೇರಬಹುದಾ?
ಓದುಗರು, ಉಡುಪಿ

ಉತ್ತರ: ಅಕ್ಕ, ದಯವಿಟ್ಟು ದುಡ್ಡು ಕಟ್ಟುವ ಮುಂಚೆ ನಿಲ್ಲಿ. ಆನ್‌ಲೈನ್, ದೂರಶಿಕ್ಷಣ, ಹೈಬ್ರಿಡ್ ಎಲ್‌ಎಲ್‌ಎಂಗಳಿಗೆ ತನ್ನ ಪೂರ್ವಾನುಮತಿ ಇಲ್ಲದಿದ್ದರೆ ಮಾನ್ಯತೆ ಇಲ್ಲ ಅಂತ ಭಾರತೀಯ ವಕೀಲರ ಪರಿಷತ್ತು 2025ರ ಜೂನ್‌ನಲ್ಲಿ ಗಟ್ಟಿಯಾಗಿಯೇ ಹೇಳಿದೆ. ಎಲ್‌ಎಲ್‌ಎಂ ಅನ್ನುವ ಹೆಸರಿಗೆ ಹಿಂದೆ ಮುಂದೆ ಒಂದು ಪದ ಸೇರಿಸಿ ಮಾರುವ ಕೋರ್ಸುಗಳಿಗೂ ಇದೇ ಮಾತು. ಅಂಥ ಡಿಗ್ರಿ ಹಿಡಿದು ಲೆಕ್ಚರರ್ ಹುದ್ದೆಗೆ ಹೋದರೆ ಅರ್ಜಿ ಅಲ್ಲೇ ನಿಲ್ಲುತ್ತದೆ. ಪರಿಷತ್ತಿನ ಅನುಮತಿ ಪತ್ರದ ಪ್ರತಿ ಕೊಡಿ ಅಂತ ಅವರನ್ನು ಕೇಳಿ. ಕೊಡದಿದ್ದರೆ ಬಿಟ್ಟುಬಿಡಿ.

ಬ್ಯಾಂಕಿನ ಕೆಲಸಕ್ಕೆ ಉಪಯೋಗ ಆಗುವ ಓದು ಬೇಕು ಅಂತಿದ್ದರೆ ರಾಷ್ಟ್ರೀಯ ಕಾನೂನು ಶಾಲೆಯಲ್ಲಿ ದೂರಶಿಕ್ಷಣದ ಎಂಬಿಎಲ್ ಇದೆ, ವ್ಯಾಪಾರ ಕಾನೂನಿನದ್ದು, ಎರಡು ವರ್ಷ. ಆದರೆ ಅದು ಎಲ್‌ಎಲ್‌ಎಂ ಅಲ್ಲ, ಅದರಿಂದ ಕಾನೂನಿನ ಲೆಕ್ಚರರ್ ಆಗಲು ಬರುವುದಿಲ್ಲ. ನಿಮ್ಮ ಬ್ಯಾಂಕಿನ ಪ್ರಮೋಷನ್ ಸುತ್ತೋಲೆಯಲ್ಲಿ ಹೆಚ್ಚಿನ ಓದಿಗೆ ಅಂಕ ಇದೆಯಾ ಅಂತ ಮೊದಲು ನೋಡಿಕೊಳ್ಳಿ. ಪಾಠ ಮಾಡುವ ಆಸೆ ಗಟ್ಟಿ ಇದ್ದರೆ, ಮಗಳು ಸ್ವಲ್ಪ ದೊಡ್ಡವಳಾದ ಮೇಲೆ ಒಂದು ವರ್ಷ ಓದಿನ ರಜೆ ಸಿಗುತ್ತಾ ವಿಚಾರಿಸಿ, ರೆಗ್ಯುಲರ್ ಕೋರ್ಸನ್ನೇ ಮಾಡಿ. 38ಕ್ಕೆ, 40ಕ್ಕೆ ಎಲ್‌ಎಲ್‌ಎಂ ಮಾಡಿದವರು ನನ್ನ ಕ್ಲಾಸಿನಲ್ಲೇ ಇದ್ದರು, ಪಾಠ ನಮಗಿಂತ ಬೇಗ ಹಿಡಿಯುತ್ತಿದ್ದರು.

ಪ್ರಶ್ನೆ: ಎಲ್‌ಎಲ್‌ಬಿ ಕೊನೆಯ ವರ್ಷ. ಸಿವಿಲ್ ಜಡ್ಜ್ ಆಗಬೇಕು. ಈಗ ಮೂರು ವರ್ಷ ಪ್ರಾಕ್ಟೀಸ್ ಬೇಕಂತೆ. ಆ ಸಮಯದಲ್ಲಿ ಎಲ್‌ಎಲ್‌ಎಂ ಮಾಡಿಬಿಡಲಾ?
ವಿದ್ಯಾರ್ಥಿನಿ, ಕುಂದಾಪುರ

ಉತ್ತರ: ಬೇಡಮ್ಮ. ಸಿವಿಲ್ ಜಡ್ಜ್ ಹುದ್ದೆಗೆ ಎಲ್‌ಎಲ್‌ಬಿ ಸಾಕು. ಸುಪ್ರೀಂ ಕೋರ್ಟು 2025ರ ಮೇ 20ರಂದು ಮೂರು ವರ್ಷದ ನಿಯಮವನ್ನು ವಾಪಸ್ ತಂದಿದ್ದು, ಹೊಸದಾಗಿ ಜಡ್ಜ್ ಆಗುವವರಿಗೆ ಕೋರ್ಟು ಹೇಗೆ ನಡೆಯುತ್ತದೆ ಅಂತ ಗೊತ್ತಿರಲಿ ಅಂತ. ಕ್ಲಾಸಿನಲ್ಲಿ ಕೂತರೆ ಆ ಉದ್ದೇಶವೇ ಹೋಯಿತಲ್ವಾ? ರಿಸಲ್ಟ್ ಬಂದ ಕೂಡಲೇ ಸನ್ನದಿಗೆ, ಅಂದರೆ ವಕೀಲರಾಗಿ ಹೆಸರು ದಾಖಲಿಸಲು, ಅರ್ಜಿ ಹಾಕಿ. ತಾತ್ಕಾಲಿಕವಾಗಿ ಹೆಸರು ದಾಖಲಾದ ದಿನದಿಂದಲೇ ಮೂರು ವರ್ಷ ಎಣಿಸುತ್ತಾರೆ, ಬಾರ್ ಪರೀಕ್ಷೆ ಪಾಸಾದ ದಿನದಿಂದಲ್ಲ. ಹೈಕೋರ್ಟಿನಲ್ಲಿ ನ್ಯಾಯಮೂರ್ತಿಗಳ ಹತ್ತಿರ ಲಾ ಕ್ಲರ್ಕ್ ಆಗಿ ಮಾಡಿದ ಕೆಲಸವೂ ಲೆಕ್ಕಕ್ಕೆ ಬರುತ್ತದೆ. ಕೊನೆಗೆ ಒಂದು ಸರ್ಟಿಫಿಕೇಟ್ ಬೇಕು: ಹತ್ತು ವರ್ಷ ಅನುಭವ ಇರುವ ವಕೀಲರು ಕೊಟ್ಟು, ಆ ಕೋರ್ಟಿನ ಪ್ರಧಾನ ನ್ಯಾಯಾಧೀಶರು ದೃಢಪಡಿಸಿದ್ದು. ಅದಕ್ಕೇ ಸೀನಿಯರ್ ಆಯ್ಕೆ ಮಾಡುವಾಗ ಅವರ ಹತ್ತು ವರ್ಷ ಆಗಿದೆಯಾ ನೋಡಿಕೊಳ್ಳಿ. ಮೊದಲ ದಿನದಿಂದ ಡೈರಿ ಬರೆಯಿರಿ, ಕೇಸ್ ನಂಬರ್, ತಾರೀಕು, ನೀವು ಮಾಡಿದ ಕೆಲಸ. ಕುಂದಾಪುರದ ಕೋರ್ಟಿನಲ್ಲೇ ಶುರುಮಾಡಬಹುದು, ಅದಕ್ಕೆ ಮಂಗಳೂರಿಗೆ ಬರಬೇಕು ಅಂತೇನಿಲ್ಲ.