ಸಂಪಾದಕರ ಉತ್ತರ: ನಾಲ್ಕೋ ಹತ್ತೋ?

(ದೇಶವಾರು ಟಿವಿ ಕೇಂದ್ರಗಳ ಪಟ್ಟಿ ಮಾಡುತ್ತಿರುವ ಓದುಗರೊಬ್ಬರು ಬರೆದಿದ್ದಾರೆ: ಅಮೆರಿಕದ ಎನ್‌ಬಿಸಿಗೆ ಒಂದು ಕಡೆ 4, ಇನ್ನೊಂದು ಕಡೆ 10 ಎಂಬ ಸಂಖ್ಯೆ ಸಿಕ್ಕಿದೆ, ಯಾವುದು ಸರಿ? ಜಪಾನ್, ಜರ್ಮನಿಗಳ ಸಾಲನ್ನು ಹೇಗೆ ತುಂಬಲಿ?)

ಎರಡೂ ಸರಿ. ತಪ್ಪಿರುವುದು ನಿಮ್ಮ ಖಾನೆ. ಎನ್‌ಬಿಸಿ ಒಂದು ಜಾಲ, ಕೇಂದ್ರವಲ್ಲ. ಅಮೆರಿಕದಲ್ಲಿ ಪ್ರಸಾರ ನಿಯಂತ್ರಕ ಎಫ್‌ಸಿಸಿ ಲೈಸೆನ್ಸ್ ಕೊಡುವುದು ಕೇಂದ್ರಕ್ಕೆ. ನ್ಯೂಯಾರ್ಕಿನ 4 ಎಂದರೆ ಡಬ್ಲ್ಯುಎನ್‌ಬಿಸಿ, ಫಿಲಡೆಲ್ಫಿಯಾದ 10 ಎಂದರೆ ಡಬ್ಲ್ಯುಸಿಎಯು. ಇವೆರಡೂ ಎನ್‌ಬಿಸಿಯ ಸ್ವಂತದವು. ಆದರೆ ಬಹುಪಾಲು ಊರುಗಳಲ್ಲಿ ಕೇಂದ್ರದ ಮಾಲೀಕರು ಬೇರೆ ಕಂಪನಿಯವರು. ಜಾಲದ ಕಾರ್ಯಕ್ರಮ ಬರುವುದು ಒಪ್ಪಂದದ ಮೇಲೆ. ಒಬ್ಬನೇ ಮಾಲೀಕನ ಕೇಂದ್ರಗಳು ದೇಶದ ಎಷ್ಟು ಟಿವಿ ಮನೆಗಳನ್ನು ಮುಟ್ಟಬಹುದು ಎಂಬುದಕ್ಕೆ 2004ರಲ್ಲಿ ಶಾಸನವೇ ಶೇ 39ರ ಮಿತಿ ಹಾಕಿತು. ಎಲ್ಲ ಊರಿನಲ್ಲೂ ಸ್ವಂತ ಕೇಂದ್ರ ಇಟ್ಟುಕೊಳ್ಳುವ ದಾರಿಯೇ ಇರಲಿಲ್ಲ.

ಒಪ್ಪಂದ ಮುರಿದರೆ? ಬಾಸ್ಟನ್ನಿನ 7ನೇ ಚಾನೆಲ್ ಡಬ್ಲ್ಯುಎಚ್‌ಡಿಎಚ್ 2016ರ ಕೊನೆಯ ದಿನದವರೆಗೆ ಎನ್‌ಬಿಸಿ ತೋರಿಸಿತು. ಮರುದಿನದಿಂದ ಜಾಲ ತನ್ನದೇ ಕೇಂದ್ರಕ್ಕೆ ಹೋಯಿತು. 7ನೇ ಚಾನೆಲ್ ಮುಚ್ಚಲಿಲ್ಲ, ಸ್ವತಂತ್ರ ಕೇಂದ್ರವಾಗಿ ಉಳಿಯಿತು. ಹಾಗಾಗಿ ‘ಜಾಲ’ದ ಖಾನೆಯಲ್ಲಿ ಎಂದಿನಿಂದ ಎಂದಿನವರೆಗೆ ಎಂಬುದನ್ನೂ ಬರೆಯಿರಿ. ಕರೆ ಅಕ್ಷರ (ಡಬ್ಲ್ಯುಎನ್‌ಬಿಸಿಯಂಥ ಕೇಂದ್ರದ ಗುರುತಕ್ಷರ) ನೋಡಿ ಜಾಗ ಊಹಿಸುವ ಚಟವನ್ನೂ ಬಿಡಿ: ಮಿಸಿಸಿಪ್ಪಿ ನದಿಯ ಪೂರ್ವಕ್ಕೆ ಡಬ್ಲ್ಯು, ಪಶ್ಚಿಮಕ್ಕೆ ಕೆ ಎಂಬುದು ನಿಯಮವೇನೋ ಹೌದು, ಆದರೆ ಪಿಟ್ಸ್‌ಬರ್ಗಿನ ಕೆಡಿಕೆಎ ಪೂರ್ವದಲ್ಲೇ ಕೂತಿದೆ.

ಇನ್ನು ಆ ಸಂಖ್ಯೆ. ಅದು ಬರೀ ಹೆಸರಿನ ಚೀಟಿ. 2009ರ ಜೂನ್ 12ರಂದು ಪೂರ್ಣಶಕ್ತಿಯ ಕೇಂದ್ರಗಳೆಲ್ಲ ಡಿಜಿಟಲ್ ಆದ ಮೇಲೂ ನೋಡುಗರ ರೂಢಿ ಕೆಡದಿರಲೆಂದು ಹಳೆಯ ಸಂಖ್ಯೆಯನ್ನೇ ಸಂಕೇತದೊಳಗೆ ಸೇರಿಸಿ ಕಳಿಸುತ್ತಾರೆ. ನ್ಯೂಯಾರ್ಕಿನ ಡಬ್ಲ್ಯುಸಿಬಿಎಸ್ ಪರದೆಯಲ್ಲಿ 2, ಗಾಳಿಯಲ್ಲಿ (ನಿಜವಾಗಿ ಪ್ರಸಾರವಾಗುವ ಚಾನೆಲ್) 36. ಡಬ್ಲ್ಯುಎಬಿಸಿ ಮಾತ್ರ ಎರಡರಲ್ಲೂ 7. ಆಂಟೆನಾ ಕೊಳ್ಳುವವರು ಎಡವುವುದು ಇಲ್ಲೇ: ಅದರ ಅಳತೆ ಹೊಂದಬೇಕಾದುದು ಗಾಳಿಯ ಚಾನೆಲ್‌ನ ತರಂಗಕ್ಕೆ. 36ರ ಆವರ್ತನ 602ರಿಂದ 608 ಮೆಗಾಹರ್ಟ್ಸ್. ಅದರ ಅರ್ಧ ತರಂಗ ಸುಮಾರು 25 ಸೆಂಟಿಮೀಟರ್. 7ರದು 174ರಿಂದ 180. ಅರ್ಧ ತರಂಗ ಸುಮಾರು 85 ಸೆಂಟಿಮೀಟರ್. ಅಂಗೈಯಗಲದ ಯುಎಚ್‌ಎಫ್ (36ರಂಥ ಹೆಚ್ಚಿನ ಆವರ್ತನಗಳ) ಆಂಟೆನಾದಲ್ಲಿ ‘2’ ಸ್ವಚ್ಛವಾಗಿ ಬಂದು ‘7’ ಚೂರುಚೂರಾದರೆ ಟಿವಿಯನ್ನು ಬೈಯಬೇಡಿ. ಕೇಂದ್ರ ಗಾಳಿಯ ಚಾನೆಲ್ ಬದಲಿಸಿದಾಗ ಟಿವಿಯಲ್ಲಿ ಮತ್ತೆ ಸ್ಕ್ಯಾನ್ ಮಾಡಲೇಬೇಕು. ಪರದೆಯ ಸಂಖ್ಯೆ ಬದಲಾಗದ ಕಾರಣ ಇದು ಯಾರಿಗೂ ಹೊಳೆಯುವುದಿಲ್ಲ. ನಿಮ್ಮ ಪಟ್ಟಿಗೆ ಎರಡು ಸಂಖ್ಯೆಗಳ ಎರಡು ಖಾನೆ ಬೇಕು.

ಜಪಾನಿನಲ್ಲಿ ಟೋಕಿಯೊದ ಐದು ಖಾಸಗಿ ಕೇಂದ್ರಗಳು ಐದು ಜಾಲಗಳ ತಲೆಯಾಳು. ಉಳಿದ ಪ್ರಾಂತ್ಯಗಳದು ಬೇರೆ ಬೇರೆ ಕಂಪನಿಗಳು. ಮಿಯಾಝಾಕಿ ಪ್ರಾಂತ್ಯದ ಯುಎಂಕೆ ಕೇಂದ್ರ ಏಕಕಾಲಕ್ಕೆ ಫುಜಿ, ನಿಪ್ಪಾನ್ ಟಿವಿ, ಟಿವಿ ಆಸಾಹಿ ಮೂರೂ ಜಾಲಗಳಿಗೆ ಸೇರಿದ್ದು! ಒಂದು ಖಾನೆಗೆ ಒಂದೇ ಜಾಲ ಎಂಬ ನಿಯಮ ಇಟ್ಟುಕೊಂಡಿದ್ದರೆ ಅಲ್ಲಿಗೇ ಮುರಿಯುತ್ತದೆ.

ಜರ್ಮನಿಯದು ತಿರುಗುಮುರುಗು. ಅಲ್ಲಿ ಪ್ರಸಾರ ರಾಜ್ಯಗಳ ಅಧಿಕಾರ. 1950ರಲ್ಲಿ ಹುಟ್ಟಿದ ಎಆರ್‌ಡಿ ಈಗ ಒಂಬತ್ತು ಪ್ರಾದೇಶಿಕ ಸಂಸ್ಥೆಗಳ ಒಕ್ಕೂಟ. ಒಕ್ಕೂಟ ಸಂಸ್ಥೆಗಳ ಒಡೆಯನಲ್ಲ, ಸಂಸ್ಥೆಗಳೇ ಒಕ್ಕೂಟವನ್ನು ನಡೆಸುತ್ತವೆ. ಚಾನ್ಸಲರ್ ಅಡೆನಾವರ್ ಅವರ ಕೇಂದ್ರ ಸರ್ಕಾರ ತನ್ನ ಹಿಡಿತದ ಟಿವಿ ಕಂಪನಿ ಕಟ್ಟಹೊರಟಾಗ 1961ರಲ್ಲಿ ಸಾಂವಿಧಾನಿಕ ನ್ಯಾಯಾಲಯ ತಡೆಯಿತು. ಆಮೇಲೆ ರಾಜ್ಯಗಳೇ ಸೇರಿ ಕಟ್ಟಿದ ಝಡ್‌ಡಿಎಫ್ 1963ರ ಏಪ್ರಿಲ್ 1ರಂದು ಪ್ರಸಾರ ಶುರುಮಾಡಿತು. ಅದಕ್ಕೆ ಒಂದೇ ಸಾಲು ಸಾಕು, ಎಆರ್‌ಡಿಗೆ ಒಂಬತ್ತು.

ಭಾರತದ ಖಾಸಗಿ ವಾಹಿನಿಗಳ ಎದುರು ಗಾಳಿಯ ಚಾನೆಲ್ ಖಾನೆಯನ್ನು ಖಾಲಿ ಬಿಡಿ. ಅವು ಅಪ್‌ಲಿಂಕ್ (ನೆಲದಿಂದ ಮೇಲಕ್ಕೆ ಕಳಿಸುವ ಸಂಕೇತ) ಮೂಲಕ ಉಪಗ್ರಹಕ್ಕೆ ಹೋಗಿ ಕೇಬಲ್ಲಿಗೋ ಡಿಟಿಎಚ್‌ಗೋ ಇಳಿಯುತ್ತವೆ. ನೆಲದ ಟ್ರಾನ್ಸ್‌ಮಿಟರ್ ದೂರದರ್ಶನದ್ದು ಮಾತ್ರ.