ಹೋಗಲು ಹನ್ನೆರಡು ಗಂಟೆ, ಬರಲು ಆರೇ ಗಂಟೆ?

ಪ್ರಶ್ನೆ: ಮಗಳು ಟೋಕಿಯೋದಲ್ಲಿ ಕೆಲಸಕ್ಕಿದ್ದಾಳೆ. ಮಾರ್ಚ್ ಕೊನೆಗೆ ನಾವಿಬ್ಬರೂ ಹೊರಟಿದ್ದೇವೆ. ಬೆಂಗಳೂರಿನಿಂದ ರಾತ್ರಿ 2ಕ್ಕೆ ಹೊರಡುವ ನೇರ ವಿಮಾನ ಮಧ್ಯಾಹ್ನ 1.45ಕ್ಕೆ ಮುಟ್ಟುತ್ತದಂತೆ. ವಾಪಸ್ ಬರುವಾಗ ಸಂಜೆ 6ಕ್ಕೆ ಹೊರಟರೆ ರಾತ್ರಿ 12.15ಕ್ಕೇ ಬೆಂಗಳೂರು! ಭೂಮಿ ಪೂರ್ವಕ್ಕೆ ತಿರುಗುತ್ತದೆ, ಅದಕ್ಕೇ ಪಶ್ಚಿಮಕ್ಕೆ ಬೇಗ ಬರುತ್ತೀರಿ ಅಂತ ನನ್ನ ಭಾವಮೈದ ಹೇಳುತ್ತಾನೆ. ಹೌದಾ? — ಓದುಗರೊಬ್ಬರು, ದಾವಣಗೆರೆ

ಉತ್ತರ: ನಿಮ್ಮ ಭಾವಮೈದ ಹೇಳಿದ್ದಕ್ಕೆ ಪೂರಾ ಉಲ್ಟಾ ಸ್ವಾಮಿ. ಹೋಗುವಾಗಲೇ ಬೇಗ, ಬರುವಾಗಲೇ ತಡ.

ಟಿಕೆಟ್‌ನಲ್ಲಿ ಆಯಾ ಊರಿನ ಗಂಟೆಯನ್ನೇ ಹಾಕಿರುತ್ತಾರೆ. ಜಪಾನ್ ನಮಗಿಂತ ಮೂರೂವರೆ ಗಂಟೆ ಮುಂದೆ, ವರ್ಷವಿಡೀ ಅಷ್ಟೇ. ಅದನ್ನು ಕಳೆದರೆ ಹೋಗಲು 8 ಗಂಟೆ 15 ನಿಮಿಷ, ಕೂಡಿದರೆ ಬರಲು 9 ಗಂಟೆ 45 ನಿಮಿಷ. ದೂರ ಎರಡೂ ಕಡೆ ಒಂದೇ, ನೇರ ಗೆರೆಯಲ್ಲಿ ಸುಮಾರು 6,700 ಕಿ.ಮೀ.

ಮತ್ತೆ ಆ ಒಂದೂವರೆ ಗಂಟೆ ಎಲ್ಲಿ ಹೋಯಿತು ಅಂದರೆ, ಗಾಳಿಗೆ. ವಿಮಾನ ಹಾರುವ 10–12 ಕಿ.ಮೀ. ಎತ್ತರದಲ್ಲಿ ಪಶ್ಚಿಮದಿಂದ ಪೂರ್ವಕ್ಕೆ ಜೆಟ್ ಸ್ಟ್ರೀಮ್ ಅನ್ನುವ ಜೋರು ಗಾಳಿ ಬೀಸುತ್ತದೆ, ಅದರಲ್ಲೂ ಚಳಿಗಾಲದಲ್ಲಿ ಸೈಬೀರಿಯಾ ಕಡೆಯ ಕೊರೆಯುವ ಗಾಳಿಯೂ ದಕ್ಷಿಣದ ಬೆಚ್ಚನೆ ಗಾಳಿಯೂ ಜಪಾನಿನ ಆಸುಪಾಸಿನಲ್ಲಿ ಎದುರಾಗುವುದರಿಂದ ಅಲ್ಲಿ ಅದರ ವೇಗ ಗಂಟೆಗೆ 300 ಕಿ.ಮೀ. ದಾಟುವುದೂ ಉಂಟು. ಹೋಗುವಾಗ ಅದು ಬೆನ್ನಿಗೆ, ಬರುವಾಗ ಮುಖಕ್ಕೆ. ಮಳೆಗಾಲದ ಹೊತ್ತಿಗೆ ಇದರ ಜೋರು ಇಳಿಯುತ್ತದೆ, ಆಗ ಹೋಗಿಬರುವ ಸಮಯದ ವ್ಯತ್ಯಾಸವೂ ಕಡಿಮೆ.

ಈ ಗಾಳಿಯನ್ನು ಮೊದಲು ಅಳೆದವರಲ್ಲಿ ಒಬ್ಬರು ಜಪಾನಿನವರೇ, ವಸಬುರೋ ಓಯಿಶಿ. 1920ರ ದಶಕದಲ್ಲಿ ಟೋಕಿಯೋಗೆ ಹತ್ತಿರದ ತಟೆನೊ ವೀಕ್ಷಣಾಲಯದಿಂದ ಬಲೂನು ಬಿಟ್ಟು ಲೆಕ್ಕ ಹಾಕಿದರು. ಜಗತ್ತಿಗೆಲ್ಲ ತಿಳಿಯಲಿ ಅಂತ ವರದಿಯನ್ನು 1926ರಲ್ಲಿ ಎಸ್ಪೆರಾಂಟೋದಲ್ಲಿ, ಅಂದರೆ ಎಲ್ಲ ದೇಶದವರಿಗೂ ಒಂದೇ ಇರಲಿ ಅಂತ ಹೊಸದಾಗಿ ಕಟ್ಟಿದ ಭಾಷೆಯಲ್ಲಿ, ಪ್ರಕಟಿಸಿದರು, ಪಾಪ, ಹೊರಗೆ ಯಾರೂ ಅದನ್ನು ಅಷ್ಟಾಗಿ ಗಮನಿಸಲಿಲ್ಲ. ಎರಡನೇ ಮಹಾಯುದ್ಧದಲ್ಲಿ ಅಮೆರಿಕದ ಬಿ-29 ವಿಮಾನಗಳು ಜಪಾನ್ ಮೇಲೆ ಇದೇ ಗಾಳಿಗೆ ಸಿಕ್ಕು ಒದ್ದಾಡಿದವು. ಜಪಾನ್ ಮಾತ್ರ 1944–45ರಲ್ಲಿ ಬಾಂಬು ಕಟ್ಟಿದ ಬಲೂನುಗಳನ್ನು ಇದೇ ಗಾಳಿಗೆ ಬಿಟ್ಟು ಅಮೆರಿಕದವರೆಗೂ ಕಳಿಸಿತು.

ಭೂಮಿ ತಿರುಗುವ ವಿಷಯ: ಭೂಮಿಯ ಜೊತೆ ಗಾಳಿಯೂ ತಿರುಗುತ್ತದೆ, ಆ ಗಾಳಿಯೊಳಗೆ ವಿಮಾನವೂ. ಚಲಿಸುವ ರೈಲಿನೊಳಗೆ ಹಾರುವ ನೊಣ ಹಿಂದೆ ಉಳಿದುಬಿಡುತ್ತದಾ? ಇಲ್ಲ ಅಲ್ವಾ. ಸುಮ್ನೆ ಮೇಲೆ ನಿಂತಿದ್ದರೆ ಬೆಂಗಳೂರೇ ಕೆಳಗೆ ಬರುತ್ತದೆ ಅನ್ನುವ ಹಾಗಿದ್ದರೆ ಪೆಟ್ರೋಲ್ ಖರ್ಚೇ ಇರುತ್ತಿರಲಿಲ್ಲ.

ಇದಕ್ಕಿಂತ ಜಾಸ್ತಿ ಮುಖ್ಯವಾದದ್ದು ಒಂದಿದೆ. ಟಿಕೆಟ್‌ನಲ್ಲಿ 25ನೇ ತಾರೀಖು ರಾತ್ರಿ 2 ಅಂತ ಇದ್ದರೆ ನೀವು ದಾವಣಗೆರೆ ಬಿಡಬೇಕಾದದ್ದು 24ರ ಮಧ್ಯಾಹ್ನ. 25ರ ರಾತ್ರಿ ಹೋದರೆ ವಿಮಾನ ಹೋಗಿ ಒಂದು ದಿನ ಆಗಿರುತ್ತದೆ.