ಇಳಕಲ್ಲಿನ ಸೀರೆ ಅಂಗಡಿಯ ಲಿನಕ್ಸ್ ಲ್ಯಾಪ್‌ಟಾಪಿಗೆ ಯಾವ ತಂತ್ರಾಂಶ ಬೇಕು?

ನೀವು ಕೇಳಿರುವುದು ಇಷ್ಟು: ಇಳಕಲ್ಲಿನಲ್ಲಿ ಸೀರೆ ಅಂಗಡಿ, 4 ಜಿಬಿ ರ‍್ಯಾಮ್‌ನ ಹಳೆಯ ಲ್ಯಾಪ್‌ಟಾಪ್. 2025ರ ಅಕ್ಟೋಬರ್‌ನಲ್ಲಿ ವಿಂಡೋಸ್ 10ಕ್ಕೆ ಬೆಂಬಲ ನಿಂತ ಮೇಲೆ ನಿಮ್ಮ ಅಳಿಯ ಅದರ ಬದಲಿಗೆ ಲಿನಕ್ಸ್ ಮಿಂಟ್ ಎಂಬ ಉಚಿತ ಕಾರ್ಯಾಚರಣಾ ವ್ಯವಸ್ಥೆ ಹಾಕಿಕೊಟ್ಟಿದ್ದಾರೆ. ಮೇಲ್, ವಾಟ್ಸಾಪ್, ವಿಡಿಯೊ ಕರೆಗಳಿಗೆ ಇನ್ನು ಏನೇನು ಹಾಕಿಕೊಳ್ಳಬೇಕು?

ಬಾಗಲಕೋಟೆಯ ನವನಗರದಲ್ಲಿ ಇಂಥ ಯಂತ್ರಗಳನ್ನು ಸರಿಪಡಿಸುವುದೇ ನನ್ನ ಕಸುಬು. ಹೊಸದಾಗಿ ಹಾಕಬೇಕಾದದ್ದು ಬಹಳ ಕಡಿಮೆ. ಆದರೆ ಮೇಲ್ ವಿಷಯದಲ್ಲಿ ಮಾತ್ರ ಉದಾಸೀನ ಮಾಡಬೇಡಿ. ಆರ್ಡರುಗಳೆಲ್ಲ ವಾಟ್ಸಾಪಿನಲ್ಲೇ ಇದ್ದು, ಬ್ಯಾಕಪ್ ಇಲ್ಲದೆ ಫೋನ್ ಕಳೆದುಹೋದರೆ, ಯಾರು ಎಷ್ಟು ಸೀರೆ ಕೇಳಿದ್ದರು, ಯಾವ ದರಕ್ಕೆ ಒಪ್ಪಿದ್ದರು ಎಂಬುದಕ್ಕೆ ದಾಖಲೆಯೇ ಉಳಿಯುವುದಿಲ್ಲ. ದೊಡ್ಡ ಆರ್ಡರುಗಳನ್ನು ಮೇಲ್‌ನಲ್ಲೇ ಕಳುಹಿಸುವಂತೆ ಹೊರ ಊರಿನ ವ್ಯಾಪಾರಿಗಳಿಗೆ ಹೇಳಿ.

ಅದಕ್ಕೆ ಥಂಡರ್‌ಬರ್ಡ್ ಎಂಬ ಮೇಲ್ ತಂತ್ರಾಂಶ ಇದೆ. ಮಿಂಟ್ ಜೊತೆಗೇ ಬಂದಿರುತ್ತದೆ. ಜಿಮೇಲ್ ವಿಳಾಸ ಕೊಟ್ಟರೆ ಸರ್ವರ್ ವಿವರಗಳನ್ನು ತಾನೇ ತುಂಬಿಕೊಂಡು ಗೂಗಲ್‌ನ ಲಾಗಿನ್ ಪುಟವನ್ನು ತೆರೆಯುತ್ತದೆ. ಪತ್ರಗಳನ್ನು ಸರ್ವರಿನಲ್ಲೇ ಇಟ್ಟು ಎಲ್ಲ ಯಂತ್ರಗಳಲ್ಲೂ ಒಂದೇ ಸಮ ತೋರಿಸುವ ಐಮ್ಯಾಪ್ ಆರಿಸಿ, ಒಂದು ಯಂತ್ರಕ್ಕೆ ಇಳಿಸಿಕೊಳ್ಳುವ ಪಾಪ್ ಬೇಡ. ಆಗ ಫೋನಿನಲ್ಲಿ ಓದಿದ ಪತ್ರ ಇಲ್ಲಿಯೂ ಓದಿದ್ದೆಂದೇ ಕಾಣುತ್ತದೆ. ಒಂದು ಎಚ್ಚರ: ಐಮ್ಯಾಪ್‌ನಲ್ಲಿ ಫೋನಿನಿಂದ ಅಳಿಸಿದ ಪತ್ರ ಲ್ಯಾಪ್‌ಟಾಪಿನಿಂದಲೂ ಹೋಗುತ್ತದೆ. ಆದ್ದರಿಂದ ಮಾರ್ಚ್ ಲೆಕ್ಕ ಮುಗಿದ ಕೂಡಲೇ ಆ ವರ್ಷದ ವ್ಯಾಪಾರದ ಪತ್ರಗಳನ್ನು 'ಲೋಕಲ್ ಫೋಲ್ಡರ್ಸ್'ಗೆ ನಕಲು ಮಾಡಿ. ಆಮೇಲೆ ಥಂಡರ್‌ಬರ್ಡ್ ಮುಚ್ಚಿ, ಹೋಮ್ ಫೋಲ್ಡರಿನಲ್ಲಿ ಕಂಟ್ರೋಲ್ ಮತ್ತು ಎಚ್ ಒತ್ತಿದರೆ ಅಡಗಿರುವ ಥಂಡರ್‌ಬರ್ಡ್ ಫೋಲ್ಡರ್ ಕಾಣುತ್ತದೆ. ಅದನ್ನು ಇಡಿಯಾಗಿ ಪೆನ್‌ಡ್ರೈವ್‌ಗೆ ಹಾಕಿ ಅಂಗಡಿಯ ಗಲ್ಲಾಪೆಟ್ಟಿಗೆಯಲ್ಲಿಡಿ.

ವಾಟ್ಸಾಪ್ ಸಂಸ್ಥೆ ಲಿನಕ್ಸ್‌ಗೆಂದು ಆ್ಯಪ್ ಕೊಟ್ಟಿಲ್ಲ. ಮಿಂಟ್‌ನಲ್ಲಿ ಆ್ಯಪ್‌ಗಳನ್ನು ಹುಡುಕಿ ಹಾಕಿಕೊಳ್ಳುವ ಸಾಫ್ಟ್‌ವೇರ್ ಮ್ಯಾನೇಜರಿನಲ್ಲಿ ಆ ಹೆಸರಿನಲ್ಲಿ ಕಾಣುವವು ಬೇರೆಯವರು ಮಾಡಿದವು. ಅಂಗಡಿಯ ಗಿರಾಕಿಗಳ ನಂಬರುಗಳನ್ನು ಅವುಗಳ ಕೈಗೆ ಕೊಡಬೇಡಿ. ಮಿಂಟ್‌ನಲ್ಲಿಯೇ 'ವೆಬ್ ಆ್ಯಪ್ಸ್' ಎಂಬ ಸಾಧನವಿದೆ. ಅದರಲ್ಲಿ ವಾಟ್ಸಾಪ್ ವೆಬ್ ವಿಳಾಸ ಕೊಟ್ಟರೆ ಮೆನುವಿನಲ್ಲಿ ಪ್ರತ್ಯೇಕ ಆ್ಯಪ್‌ನಂತೆ ಕುಳಿತುಕೊಳ್ಳುತ್ತದೆ. ಫೋನಿನಲ್ಲಿ 14 ದಿನ ವಾಟ್ಸಾಪ್ ತೆರೆಯದಿದ್ದರೆ ಲ್ಯಾಪ್‌ಟಾಪಿನ ಜೋಡಣೆ ಕಡಿದುಹೋಗುತ್ತದೆ, ಅಷ್ಟು ನೆನಪಿರಲಿ. ಇನ್ನೊಂದು ಮಾತು, ಇದು ಸೀರೆಯವರಿಗೇ: ಟೋಪ ತೆನೆ ಸೆರಗಿನ ಚಿತ್ರವನ್ನು ಫೋಟೊ ಆಗಿ ಅಲ್ಲ, ಡಾಕ್ಯುಮೆಂಟ್ ಆಗಿ ಕಳುಹಿಸಿ. ಫೋಟೊ ಆಗಿ ಕಳುಹಿಸಿದರೆ ವಾಟ್ಸಾಪ್ ಅದನ್ನು ಕುಗ್ಗಿಸುತ್ತದೆ, ನೇಯ್ಗೆಯ ಸೂಕ್ಷ್ಮ ಮಸುಕಾಗುತ್ತದೆ.

ಬ್ರೌಸರ್‌ಗೆ ಫೈರ್‌ಫಾಕ್ಸ್ ಸಾಕು. ಅದಕ್ಕೆ ಯುಬ್ಲಾಕ್ ಒರಿಜಿನ್ ಸೇರಿಸಿ. ಜಾಹೀರಾತುಗಳ ಹೊರೆ ಇಳಿದರೆ 4 ಜಿಬಿ ಯಂತ್ರಕ್ಕೆ ಉಸಿರು ಬರುತ್ತದೆ. ಅದೇ ಕಾರಣಕ್ಕೆ ಸಿಗ್ನಲ್, ಸ್ಲ್ಯಾಕ್‌ನಂಥ ಆ್ಯಪ್‌ಗಳನ್ನು ಅಗತ್ಯವಿಲ್ಲದೆ ಹಾಕಬೇಡಿ. ಅವು ಒಂದೊಂದೂ ತಮ್ಮೊಳಗೆ ಕ್ರೋಮಿಯಂ ಬ್ರೌಸರನ್ನೇ ಹೊತ್ತು ತರುತ್ತವೆ. ಟೆಲಿಗ್ರಾಂನ ಡೆಸ್ಕ್‌ಟಾಪ್ ಆ್ಯಪ್ ಹಾಗಲ್ಲ, ಹಗುರವಾಗಿದೆ.

ಕರೆಗಳಿಗೆ ಗೂಗಲ್ ಮೀಟ್ ಬ್ರೌಸರಿನಲ್ಲೇ ನಡೆಯುತ್ತದೆ. ಜೂಮ್ ಬೇಕೆಂದರೆ ಅದರ ಅಧಿಕೃತ ತಾಣದಿಂದ ಡೆಬ್ ಕಡತ (ಮಿಂಟ್‌ನಲ್ಲಿ ಆ್ಯಪ್ ಹಾಕುವ ಕಡತ) ಇಳಿಸಿಕೊಳ್ಳಿ. ಸ್ಕೈಪ್ ಹುಡುಕಬೇಡಿ, 2025ರ ಮೇ ತಿಂಗಳಲ್ಲಿ ಅದು ಮುಚ್ಚಿಹೋಯಿತು.

ಕನ್ನಡ ಟೈಪಿಂಗ್ ಬಗ್ಗೆ ನೀವು ಕೇಳಿಲ್ಲ, ಆದರೂ ಹೇಳಲೇಬೇಕು. ಸಾಫ್ಟ್‌ವೇರ್ ಮ್ಯಾನೇಜರಿನಿಂದ 'ಐಬಸ್-ಎಂ17ಎನ್' ಎಂಬ ಟೈಪಿಂಗ್ ಸಾಧನ ಹಾಕಿ, ಐಬಸ್ ಆದ್ಯತೆಗಳಲ್ಲಿ ಕನ್ನಡದ ಕೆಜಿಪಿ ಕೀಲಿಮಣೆ ವಿನ್ಯಾಸ ಸೇರಿಸಿ. ನುಡಿ ತಂತ್ರಾಂಶದಲ್ಲಿ ಬೆರಳು ಪಳಗಿದ್ದವರಿಗೆ ಅದರಲ್ಲಿ ತೊಡಕಾಗುವುದಿಲ್ಲ. ಯಾರಾದರೂ ಹಳೆಯ ನುಡಿ ಫಾಂಟಿನಲ್ಲಿ ಬರೆದು ಕಳುಹಿಸಿದ ಕಡತ ನಿಮ್ಮಲ್ಲಿ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳಾಗಿ ತೆರೆದರೆ ಲಿನಕ್ಸ್ ಕೆಟ್ಟಿದೆ ಎಂದುಕೊಳ್ಳಬೇಡಿ. ಅದು ಎಲ್ಲ ಯಂತ್ರಗಳಿಗೂ ಒಂದೇ ಆದ ಅಕ್ಷರ ಸಂಕೇತವಾದ ಯೂನಿಕೋಡ್ ಅಲ್ಲ. ಆ ಫಾಂಟ್ ಇಲ್ಲದ ಯಾವ ಯಂತ್ರದಲ್ಲಿಯೂ ಹಾಗೆಯೇ ಕಾಣುತ್ತದೆ. ಯೂನಿಕೋಡ್‌ನಲ್ಲಿ ಬರೆದು, ಇಲ್ಲವೇ ಪಿಡಿಎಫ್ ಮಾಡಿ ಕಳುಹಿಸಲು ಹೇಳಿ.